ಊಟ, ಸಕ್ಕರೆ, ನೆನಪು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಪಥ್ಯಾಹಾರ ಸಲಹೆ ಕೊಡುವ ಕೆಲಸ ಹಿಡಿದು ಹತ್ತೊಂಬತ್ತು ವರ್ಷಗಳಾದವು. ತೂಕ ಇಳಿಸಿಕೊಳ್ಳಲು ಬಂದವರೂ ಸಕ್ಕರೆ ಹತೋಟಿಗೆಂದು ಬಂದವರೂ ಎದ್ದು ಹೊರಡುವಾಗ ಬಾಗಿಲ ಬಳಿ ಒಂದು ಕ್ಷಣ ನಿಲ್ಲುತ್ತಾರೆ. "ಇತ್ತೀಚೆಗೆ ಮರೆವು ಜಾಸ್ತಿಯಾಗಿದೆ, ಅದಕ್ಕೇನು ತಿನ್ನಬೇಕು?" ಎಂದು ಕೇಳುತ್ತಾರೆ. ತಾಯಂದಿರು ಮಕ್ಕಳ ಓದಿನ ಬಗ್ಗೆ ಕೇಳುತ್ತಾರೆ, ದೊಡ್ಡವರಾದ ಮಕ್ಕಳು ತಾಯಂದಿರ ಮರೆವಿನ ಬಗ್ಗೆ ಕೇಳುತ್ತಾರೆ. ಬಾಗಿಲಲ್ಲಿ ನಿಂತು ಎರಡು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ಹಾಗಾಗಿ ಹೆಚ್ಚಾಗಿ ಕೇಳಿಬರುವ ಪ್ರಶ್ನೆಗಳನ್ನು ಒಟ್ಟುಮಾಡಿ ಉತ್ತರ ಬರೆದಿದ್ದೇನೆ.

ಊಟಕ್ಕೂ ನೆನಪಿಗೂ ನಿಜವಾಗಿ ಸಂಬಂಧವಿದೆಯೇ?

ಇದೆ, ಗಾಢವಾಗಿಯೇ ಇದೆ. ವಯಸ್ಕರ ಮಿದುಳಿನ ತೂಕ ಒಂದೂಕಾಲರಿಂದ ಒಂದೂವರೆ ಕಿಲೋ, ಅಂದರೆ ದೇಹದ ತೂಕದ ಶೇ. 2ರಷ್ಟು. ಆದರೆ ನಾವು ಸುಮ್ಮನೆ ಕುಳಿತಿದ್ದಾಗಲೂ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಶೇ. 20 ಭಾಗ ಅದಕ್ಕೇ ಹೋಗುತ್ತದೆ. ಐದು ವರ್ಷದ ಆಸುಪಾಸಿನ ಮಕ್ಕಳಲ್ಲಿ ಈ ಪಾಲು ಶೇ. 40ನ್ನೂ ಮೀರುತ್ತದೆ. ಇಷ್ಟು ಹಸಿವಿನ ಅಂಗಕ್ಕೆ ಸ್ವಂತ ಉಗ್ರಾಣ ಎಂಬುದು ಇಲ್ಲವೆಂದೇ ಹೇಳಬೇಕು. ಸ್ನಾಯುವಿಗೆ, ಯಕೃತ್ತಿಗೆ ಒಂದಿಷ್ಟು ಕೂಡಿಟ್ಟುಕೊಳ್ಳಲು ಬರುತ್ತದೆ. ಮಿದುಳು ಮಾತ್ರ ರಕ್ತ ತಂದುಕೊಟ್ಟದ್ದನ್ನು ಆಗಿಂದಾಗಲೇ ಬಳಸಬೇಕು.

ಕಿವಿಯ ಮಟ್ಟದಲ್ಲಿ, ಮಿದುಳಿನ ಒಳಭಾಗದಲ್ಲಿ, ಎಡಕ್ಕೊಂದು ಬಲಕ್ಕೊಂದು ಹಿಪೊಕ್ಯಾಂಪಸ್ ಎಂಬ ಭಾಗವಿದೆ. ಬೆಳಗ್ಗೆ ಓದಿದ ಪಾಠ, ನಿನ್ನೆ ಭೇಟಿಯಾದವರ ಹೆಸರು, ಬೀಗದ ಕೈ ಇಟ್ಟ ಜಾಗ, ಇವೆಲ್ಲ ಹೊಸ ನೆನಪಾಗಿ ಕೂರುವುದು ಇದರ ಮೂಲಕ. ಇನ್ಸುಲಿನ್ ಹಾರ್ಮೋನು ಬಂದು ಕೂರುವ ಗ್ರಾಹಕಗಳು ಮಿದುಳಿನಲ್ಲಿ ದಟ್ಟವಾಗಿರುವ ಜಾಗಗಳಲ್ಲಿ ಇದೂ ಒಂದು. ಆಮ್ಲಜನಕವೋ ಗ್ಲೂಕೋಸೋ ಕಡಿಮೆಯಾದರೆ ಬೇಗ ಪೆಟ್ಟು ತಿನ್ನುವುದೂ ಇದೇ. ರಕ್ತದಲ್ಲಿನ ಸಕ್ಕರೆ, ರಕ್ತನಾಳಗಳ ಸ್ಥಿತಿ, ಕಬ್ಬಿಣ, ಬಿ12, ಥೈರಾಯ್ಡ್, ಇವುಗಳಲ್ಲಿ ಯಾವುದು ಕೆಟ್ಟರೂ ಅದರ ಬಿಸಿ ಮೊದಲು ತಟ್ಟುವ ಕಡೆಗಳಲ್ಲಿ ನೆನಪೂ ಸೇರಿರುವುದು ಅದಕ್ಕೇ.

ಮಿದುಳಿಗೆ ಗ್ಲೂಕೋಸ್ ಬೇಕು ಎನ್ನುತ್ತಾರೆ. ಹಾಗಾದರೆ ಪರೀಕ್ಷೆಗೆ ಮುಂಚೆ ಗ್ಲೂಕೋಸ್ ನೀರು ಕುಡಿಯುವುದು ಒಳ್ಳೆಯದಲ್ಲವೇ?

ಮಿದುಳು ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಬಳಸುತ್ತದೆ ಎಂಬುದು ನಿಜ. ಆದರೆ ಅದನ್ನು ಸಕ್ಕರೆಯ ರೂಪದಲ್ಲೇ ಕೊಡಬೇಕಾಗಿಲ್ಲ. ಮುದ್ದೆ, ಅನ್ನ, ರೊಟ್ಟಿ, ಬೇಳೆ ಎಲ್ಲವೂ ಜೀರ್ಣವಾಗಿ ಕೊನೆಗೆ ಗ್ಲೂಕೋಸನ್ನು ಕೊಡುತ್ತವೆ. ಅವು ನಿಧಾನವಾಗಿ ಕೊಡುತ್ತವೆ, ಮಿದುಳಿಗೆ ಬೇಕಾಗಿರುವುದೂ ಆ ನಿಧಾನವೇ. ಖಾಲಿ ಹೊಟ್ಟೆಗೆ ಗ್ಲೂಕೋಸ್ ಪುಡಿ ಕಲಸಿ ಕುಡಿದರೆ ರಕ್ತದ ಸಕ್ಕರೆ ದಿಢೀರನೆ ಏರುತ್ತದೆ, ಇನ್ಸುಲಿನ್ ಅದನ್ನು ಇಳಿಸಲು ಓಡಿ ಬರುತ್ತದೆ. ಪ್ರಶ್ನೆಪತ್ರಿಕೆಯ ದೀರ್ಘ ಉತ್ತರಗಳಿಗೆ ಬರುವ ಹೊತ್ತಿಗೆ ಮಗುವಿಗೆ ಕೈ ನಡುಗುವುದು, ಸುಸ್ತಾಗುವುದು ಉಂಟು. ಪರೀಕ್ಷೆಯ ಬೆಳಗ್ಗೆ ಎರಡು ಇಡ್ಲಿಯ ಜೊತೆ ಗಟ್ಟಿ ಸಾಂಬಾರು, ಅಥವಾ ಮೊಟ್ಟೆಯ ಜೊತೆ ಚಪಾತಿ ಸಾಕು. ಅಂದು ಹೊಸ ತಿಂಡಿಯ ಪ್ರಯೋಗ ಬೇಡ. ನೀರು ಕುಡಿಯಲು ಮರೆಯದಿರಲಿ. ಮಾರ್ಚ್ ತಿಂಗಳ ಸೆಕೆಯಲ್ಲಿ ಬಾಯಾರಿಕೊಂಡು ಕೂತರೂ ಗಮನ ಚದುರುತ್ತದೆ.

ಮಧ್ಯಾಹ್ನದ ಊಟವಾದ ಮೇಲೆ ಓದಿದ್ದು ತಲೆಗೆ ಹತ್ತುವುದೇ ಇಲ್ಲ, ಏಕೆ?

ಮಧ್ಯಾಹ್ನ ಒಂದರಿಂದ ಮೂರರ ನಡುವೆ ಮಂಪರು ಬರುವುದು ದೇಹದ ಗಡಿಯಾರದ ಗುಣ. ಊಟ ಮಾಡದಿದ್ದರೂ ಸ್ವಲ್ಪ ಬರುತ್ತದೆ. ಆದರೆ ತಟ್ಟೆಯ ತುಂಬ ಬಿಳಿ ಅನ್ನ, ಮೇಲೆ ತಿಳಿಸಾರು, ಕೊನೆಗೊಂದು ಸಿಹಿ ಎಂದಾದರೆ ಆ ಮಂಪರು ದುಪ್ಪಟ್ಟಾಗುತ್ತದೆ. ಅನ್ನವನ್ನು ಮೂರನೇ ಒಂದು ಭಾಗ ಕಡಿಮೆ ಮಾಡಿ, ಆ ಜಾಗಕ್ಕೆ ಪಲ್ಯ ಮತ್ತು ಕಾಳು ಬರಲಿ. ಕೋಸಂಬರಿಯನ್ನೋ ಪಲ್ಯವನ್ನೋ ಮೊದಲು ತಿಂದು, ಅನ್ನವನ್ನು ಕೊನೆಯಲ್ಲಿ ತಿಂದರೆ ಸಕ್ಕರೆಯ ಏರಿಕೆ ಕಡಿಮೆಯಾಗುತ್ತದೆ ಎಂದು ಪ್ರಯೋಗಗಳಲ್ಲಿ ಕಂಡಿದೆ. ನಮ್ಮ ಹಿರಿಯರ ಬಾಳೆಯೆಲೆಯ ಊಟದಲ್ಲಿ ಕೋಸಂಬರಿ ಮೊದಲು ಬೀಳುತ್ತದೆ, ಅದನ್ನು ಅನ್ನಕ್ಕೆ ಕಾಯುತ್ತಾ ಬದಿಗಿಡಬೇಡಿ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆಯಿರಿ. ಸ್ನಾಯುಗಳು ರಕ್ತದಲ್ಲಿರುವ ಸಕ್ಕರೆಯನ್ನು ಆಗಲೇ ಎಳೆದುಕೊಳ್ಳುತ್ತವೆ.

ಒಂದೆರಡು ವಾರ ಹೊರಗಿನ ತಿಂಡಿ ತಿಂದರೆ ನೆನಪಿಗೆ ತೊಂದರೆಯಾಗುತ್ತದೆಯೇ? ಹಾಸ್ಟೆಲಿನಲ್ಲಿ ಬೇರೆ ದಾರಿ ಇಲ್ಲ.

ಆಸ್ಟ್ರೇಲಿಯಾದ ಸಿಡ್ನಿಯಲ್ಲಿರುವ ಮ್ಯಾಕ್ವಾರಿ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನೇ ಪರೀಕ್ಷಿಸಿದರು. ತೆಳ್ಳಗೆ, ಆರೋಗ್ಯವಾಗಿದ್ದ, ಇಪ್ಪತ್ತರ ಆಚೀಚೆಯ ಸುಮಾರು 110 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಒಂದು ವಾರ ಸಕ್ಕರೆ ಮತ್ತು ಕೊಬ್ಬು ಹೆಚ್ಚಿರುವ ತಿಂಡಿ ಕೊಟ್ಟರು. 2020ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಹಿಪೊಕ್ಯಾಂಪಸ್ ಅನ್ನು ಅವಲಂಬಿಸಿದ ಕಲಿಕೆಯ ಪರೀಕ್ಷೆಯಲ್ಲಿ ಅವರು ಹಿಂದೆ ಬಿದ್ದರು. ಜೊತೆಗೆ ಹೊಟ್ಟೆ ತುಂಬಿದ ಮೇಲೂ ತಿಂಡಿ ಕಂಡರೆ ಆಸೆಯಾಗುವುದು ಹೆಚ್ಚಾಯಿತು. ಹಳೆಯ ಊಟಕ್ಕೆ ಮರಳಿ ಮೂರು ವಾರವಾದಾಗ ಆ ವ್ಯತ್ಯಾಸ ಉಳಿದಿರಲಿಲ್ಲ.

ಈ ಕೊನೆಯ ಮಾತನ್ನು ಹಾಸ್ಟೆಲಿನ ಮಕ್ಕಳಿಗೆ ನಾನು ಒತ್ತಿ ಹೇಳುತ್ತೇನೆ. ಆದದ್ದು ಆಯಿತು, ಸರಿಮಾಡಿಕೊಳ್ಳಬಹುದು. ಹುರಿದ ಶೇಂಗಾ, ಹುರಿಗಡಲೆ, ಬಾಳೆಹಣ್ಣು, ನೆನೆಸಿದ ಹೆಸರುಕಾಳು, ಇವಕ್ಕೆ ಒಲೆ ಬೇಡ, ಹೆಚ್ಚು ಹಣವೂ ಬೇಡ. ಮಧ್ಯರಾತ್ರಿ ಓದುವಾಗ ಬಿಸ್ಕತ್ತಿನ ಪೊಟ್ಟಣದ ಬದಲು ಮೇಜಿನ ಮೇಲೆ ಒಂದು ಡಬ್ಬಿ ಶೇಂಗಾ ಇರಲಿ.

ಸಕ್ಕರೆ ಕಾಯಿಲೆ ಇದ್ದವರಿಗೆ ಮರೆಗುಳಿತನ ಬಂದೇ ಬರುತ್ತದೆಯೇ?

ಇಲ್ಲ. ಅಪಾಯ ಹೆಚ್ಚುತ್ತದೆ, ಅಷ್ಟೆ. ಟೈಪ್ 2 ಮಧುಮೇಹ ಇರುವವರಲ್ಲಿ ಡಿಮೆನ್ಷಿಯಾ, ಅಂದರೆ ಮರೆಗುಳಿತನ, ಬರುವ ಸಾಧ್ಯತೆ ಇಲ್ಲದವರಿಗಿಂತ ಸುಮಾರು ಒಂದೂವರೆ ಪಟ್ಟು ಎಂದು ಹಲವು ದೇಶಗಳ ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಕಾಣುತ್ತದೆ. ಹಾಗಿದ್ದರೂ ಮಧುಮೇಹಿಗಳಲ್ಲಿ ಬಹುಪಾಲು ಜನ ಮರೆಗುಳಿತನವಿಲ್ಲದೆಯೇ ಬಾಳುತ್ತಾರೆ.

ಕಾರಣ ಒಂದಲ್ಲ. ವರ್ಷಗಟ್ಟಲೆ ಸಕ್ಕರೆ ಹೆಚ್ಚಿದ್ದರೆ ಸಣ್ಣ ರಕ್ತನಾಳಗಳ ಒಳಗೋಡೆ ಕೆಡುತ್ತದೆ. ಕಣ್ಣಿನ ರೆಟಿನಾದಲ್ಲಿ, ಮೂತ್ರಪಿಂಡದಲ್ಲಿ ಆಗುವ ಅದೇ ಹಾನಿ ಮಿದುಳಿನ ಒಳಗೂ ಆಗುತ್ತದೆ. ಯಾರಿಗೂ ಗೊತ್ತಾಗದಂತೆ ಚಿಕ್ಕ ಚಿಕ್ಕ ಪಾರ್ಶ್ವವಾಯುಗಳು ಆಗಿಹೋಗಿರುತ್ತವೆ, ಕೈಕಾಲು ಬೀಳುವುದಿಲ್ಲವಾದ್ದರಿಂದ ಮನೆಯವರ ಗಮನಕ್ಕೆ ಬರುವುದಿಲ್ಲ. ಇನ್ಸುಲಿನ್ ಪ್ರತಿರೋಧ, ಅಂದರೆ ಇನ್ಸುಲಿನ್ ಇದ್ದರೂ ಜೀವಕೋಶಗಳು ಅದಕ್ಕೆ ಸರಿಯಾಗಿ ಸ್ಪಂದಿಸದಿರುವುದು, ಮಿದುಳಿನಲ್ಲೂ ಇದ್ದರೆ ನರಕೋಶಗಳ ನಡುವಿನ ಸಂಪರ್ಕ ಗಟ್ಟಿಯಾಗುವುದಕ್ಕೆ ಅಡ್ಡಿ. ಇದರ ಜೊತೆ ರಕ್ತದೊತ್ತಡ, ಹೊಟ್ಟೆಯ ಬೊಜ್ಜು, ಕೊಲೆಸ್ಟರಾಲ್ ಸೇರಿಕೊಂಡರೆ ಹಾನಿ ಬೇಗ ಬೇಗ ಸಾಗುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ಹೊರಬಂದಾಗ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ 10.1 ಕೋಟಿ, ಮಧುಮೇಹದ ಹೊಸ್ತಿಲಲ್ಲಿ ಇರುವವರು 13.6 ಕೋಟಿ ಎಂಬ ಅಂದಾಜು ಸಿಕ್ಕಿತು. ನನಗೆ ಹೆಚ್ಚು ಕಳವಳವಿರುವುದು ಹೊಸ್ತಿಲಲ್ಲಿ ಇರುವವರ ಬಗ್ಗೆ. ಅವರಿಗೆ ನೋವಿಲ್ಲ, ಮಾತ್ರೆ ಇಲ್ಲ, ವರದಿಯ ಮೇಲೆ ಕೆಂಪು ಗುರುತೂ ಕೆಲವೊಮ್ಮೆ ಇರುವುದಿಲ್ಲ. ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯ ಅಳತೆ) 5.7ರಿಂದ 6.4ರೊಳಗೆ ಇದ್ದರೆ ಅಥವಾ ಬರಿಹೊಟ್ಟೆಯ ಸಕ್ಕರೆ 100ರಿಂದ 125ರೊಳಗೆ ಇದ್ದರೆ ನೀವು ಆ ಹೊಸ್ತಿಲಲ್ಲಿದ್ದೀರಿ. ಅಲ್ಲಿಂದ ಹಿಂದಕ್ಕೆ ಹೆಜ್ಜೆ ಇಡುವುದು ಬಹಳ ಜನರಿಗೆ ಸಾಧ್ಯ.

ತಡವಾದ ಮೇಲೆ ಸಕ್ಕರೆಯನ್ನು ಬಿಗಿಯಾಗಿ ಇಳಿಸಿದರೆ ನೆನಪು ಮರಳುತ್ತದೆ ಎಂದು ಮಾತ್ರ ಹೇಳಲಾಗದು. ಅಮೆರಿಕ ಮತ್ತು ಕೆನಡಾದಲ್ಲಿ ನಡೆದ ಅಕಾರ್ಡ್ ಎಂಬ ದೊಡ್ಡ ಪ್ರಯೋಗದಲ್ಲಿ, ಬಹಳ ವರ್ಷಗಳಿಂದ ಮಧುಮೇಹ ಇದ್ದವರ ಸಕ್ಕರೆಯನ್ನು ಹೆಚ್ಚು ಬಿಗಿಯಾಗಿ ಇಳಿಸಿದರೂ ನೆನಪಿನ ಪರೀಕ್ಷೆಗಳಲ್ಲಿ ಲಾಭ ಕಾಣಲಿಲ್ಲ. ನಲವತ್ತರಲ್ಲಿ ಮಾಡುವ ಕೆಲಸಕ್ಕೆ ಇರುವ ಬೆಲೆ ಎಪ್ಪತ್ತರಲ್ಲಿ ಮಾಡುವ ಕೆಲಸಕ್ಕೆ ಇಲ್ಲ.

ಈ ಬಗ್ಗೆ ನಮ್ಮದೇ ನೆಲದಲ್ಲಿ ಒಂದು ಮಹತ್ವದ ಅಧ್ಯಯನ ನಡೆಯುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ವರ್ಷ ದಾಟಿದ ಸಾವಿರಾರು ಜನರನ್ನು ವರ್ಷ ವರ್ಷವೂ ಪರೀಕ್ಷಿಸುತ್ತಾ ಬಂದಿದೆ. ರಕ್ತ, ರಕ್ತದೊತ್ತಡ, ನೆನಪಿನ ಪರೀಕ್ಷೆ, ಮಿದುಳಿನ ಚಿತ್ರ ಎಲ್ಲವನ್ನೂ ತೆಗೆದುಕೊಳ್ಳುತ್ತಾರೆ. ಮರೆಗುಳಿತನದ ಬಗ್ಗೆ ನಮಗಿರುವ ತಿಳಿವಳಿಕೆಯ ಬಹುಭಾಗ ಯುರೋಪು, ಅಮೆರಿಕದ ನಗರವಾಸಿಗಳಿಂದ ಬಂದದ್ದು. ಮಾವಿನ ತೋಟದಲ್ಲಿ ದುಡಿದು ಮುದ್ದೆ ಉಂಡವರ ಮಿದುಳು ಹೇಗೆ ಮುಪ್ಪಾಗುತ್ತದೆ ಎಂಬುದು ಇಂಥ ಅಧ್ಯಯನದಿಂದಲೇ ತಿಳಿಯಬೇಕು.

ಮರೆಗುಳಿತನ ತರುವ ಅಲ್ಝೈಮರ್ ಕಾಯಿಲೆಯನ್ನು 'ಟೈಪ್ 3 ಮಧುಮೇಹ' ಎನ್ನುತ್ತಾರಲ್ಲ?

ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸುಝನ್ ಡಿ ಲಾ ಮೊಂಟೆ ಅವರ ತಂಡ 2005ರಲ್ಲಿ ಈ ಹೆಸರನ್ನು ಮುಂದಿಟ್ಟಿತು. ಅಲ್ಝೈಮರ್ ಇದ್ದವರ ಮಿದುಳಿನಲ್ಲಿ ಇನ್ಸುಲಿನ್ನಿನ ಕೆಲಸ ಕುಂದಿರುವುದನ್ನು ಅವರು ಕಂಡಿದ್ದರು. ಹೆಸರು ಜನರ ಬಾಯಲ್ಲಿ ನಿಂತಿತು, ವೈದ್ಯಕೀಯದಲ್ಲಿ ಅದು ಅಧಿಕೃತ ರೋಗನಾಮವಲ್ಲ. ಮೂಗಿನ ಮೂಲಕ ಇನ್ಸುಲಿನ್ ಸಿಂಪಡಿಸಿದರೆ ನೆನಪು ಉಳಿಯುತ್ತದೆಯೇ ಎಂದು ನೋಡಿದ ದೊಡ್ಡ ಪ್ರಯೋಗ 2020ರಲ್ಲಿ ನಿರೀಕ್ಷಿತ ಫಲ ಕೊಡಲಿಲ್ಲ. ಮಧುಮೇಹಕ್ಕೂ ಕೊಡುವ, ತೂಕ ಇಳಿಸಲು ಹೆಸರಾದ ಸೆಮಾಗ್ಲುಟೈಡ್ ಔಷಧಿ ಕೂಡ ಅಲ್ಝೈಮರ್ ಆರಂಭದಲ್ಲಿದ್ದವರ ಕಾಯಿಲೆಯ ಓಟವನ್ನು ನಿಧಾನಗೊಳಿಸಲಿಲ್ಲ ಎಂದು 2025ರ ನವೆಂಬರ್‌ನಲ್ಲಿ ತಿಳಿದುಬಂತು. ಸಂಬಂಧವಿರುವುದು ನಿಜ, ಎರಡೂ ಒಂದೇ ಕಾಯಿಲೆ ಎಂಬುದು ಸರಿಯಲ್ಲ.

ಸಕ್ಕರೆ ಕಡಿಮೆಯಾದಾಗಲೂ ಮರೆವು ಬರುತ್ತದೆಯೇ?

ಬರುತ್ತದೆ. ಇದನ್ನು ನನ್ನ ಮನೆಯಲ್ಲೇ ಕಂಡಿದ್ದೇನೆ.

ಅಮ್ಮನಿಗೆ ಆಗ ಎಪ್ಪತ್ತೆರಡು. ಒಂದೆರಡು ತಿಂಗಳಿಂದ ಸಂಜೆಯ ಹೊತ್ತಿಗೆ ಮಾತು ತಡವರಿಸುತ್ತಿದ್ದರು, ಕೇಳಿದ್ದನ್ನೇ ಕೇಳುತ್ತಿದ್ದರು. ವಯಸ್ಸಾಯಿತಲ್ಲ, ಅರಳುಮರಳು ಎಂದು ನಾವೆಲ್ಲ ಒಳಗೊಳಗೇ ಒಪ್ಪಿಕೊಂಡುಬಿಟ್ಟಿದ್ದೆವು. ಒಂದು ಏಕಾದಶಿ, ಅಮ್ಮ ಉಪವಾಸವಿದ್ದರು. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಮಾತ್ರ ಎಂದಿನಂತೆ ನುಂಗಿದ್ದರು. ಸಂಜೆ ಐದೂವರೆಗೆ ನಾನು ಒಳಗೆ ಬಂದಾಗ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದರು, ಆದರೆ ಬೆರಳಲ್ಲಿ ಹತ್ತಿ ಇರಲಿಲ್ಲ. ನನ್ನನ್ನು ತಮ್ಮ ತಂಗಿಯ ಹೆಸರಿನಿಂದ ಕರೆದರು. ಹಣೆ ಒದ್ದೆಯಾಗಿತ್ತು. ಗ್ಲೂಕೋಮೀಟರಿನಲ್ಲಿ 52 ತೋರಿಸಿತು. ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಿದೆ. ಹದಿನೈದು ನಿಮಿಷ ಕಳೆದ ಮೇಲೆ, "ಯಾಕೆ ಎಲ್ಲರೂ ಹೀಗೆ ನಿಂತಿದ್ದೀರಿ? ದೀಪ ಹಚ್ಚಲಿಲ್ಲವೇ?" ಎಂದರು. ಅದೇ ಹಳೆಯ ಅಮ್ಮ. ಮಾತ್ರೆಯ ಪ್ರಮಾಣ ಬದಲಾದ ಮೇಲೆ ಆ ಸಂಜೆಯ ಮರೆವು ಮತ್ತೆ ಬರಲಿಲ್ಲ. ನನ್ನ ವೃತ್ತಿಯೇ ಇದಾಗಿದ್ದೂ ಎರಡು ತಿಂಗಳು ನಾನು ಸಂಜೆ ಹೊತ್ತು ಒಮ್ಮೆಯೂ ಅವರ ಬೆರಳು ಚುಚ್ಚಿ ನೋಡಿರಲಿಲ್ಲ ಎಂಬ ನೋವು ಇಂದಿಗೂ ಇದೆ.

ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಕಡಿಮೆ ಎಂದು ಲೆಕ್ಕ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ತಪ್ಪಿಸಿದರೆ ಹೀಗಾಗುವುದು ಹೆಚ್ಚು. ಬೆವರು, ನಡುಕ, ಗೊಂದಲ, ಕಾರಣವಿಲ್ಲದ ಸಿಟ್ಟು ಇದರ ಗುರುತು. ಎಚ್ಚರವಿದ್ದರೆ ಸಕ್ಕರೆ ನೀರು ಕೊಟ್ಟು ಹದಿನೈದು ನಿಮಿಷದ ಮೇಲೆ ಮತ್ತೆ ಪರೀಕ್ಷಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ. ಪದೇ ಪದೇ ಹೀಗಾದರೆ ಮಿದುಳಿಗೆ ಉಳಿಯುವಂಥ ಹಾನಿಯಾಗಬಹುದು. ಅದಕ್ಕಾಗಿಯೇ ತುಂಬ ವಯಸ್ಸಾದವರಲ್ಲಿ, ಬೇರೆ ಕಾಯಿಲೆಗಳೂ ಇರುವವರಲ್ಲಿ ಎಚ್‌ಬಿಎ1ಸಿ 8ರ ಆಸುಪಾಸಿನಲ್ಲಿದ್ದರೂ ಸಾಕೆಂದು ವೈದ್ಯರು ಹೇಳುವುದುಂಟು. ಉಪವಾಸ ಮಾಡುವವರು ಮುಂಚಿತವಾಗಿಯೇ ವೈದ್ಯರನ್ನು ಕೇಳಿ ಅಂದಿನ ಮಾತ್ರೆಯ ಬಗ್ಗೆ ತಿಳಿದುಕೊಳ್ಳಬೇಕು.

ತಂದೆಗೆ ಅರವತ್ತೆಂಟು, ಶುದ್ಧ ಸಸ್ಯಾಹಾರಿ, ಇತ್ತೀಚೆಗೆ ಮರೆವು. ಯಾವ ಪರೀಕ್ಷೆ ಮಾಡಿಸಬೇಕು?

ಬಿ12, ಥೈರಾಯ್ಡ್, ಹಿಮೋಗ್ಲೋಬಿನ್, ಸಕ್ಕರೆ, ಸೋಡಿಯಂ, ಮೂತ್ರಪಿಂಡದ ಪರೀಕ್ಷೆ. ಜೊತೆಗೆ ರಕ್ತದೊತ್ತಡ ಮತ್ತು ಕಿವಿ. ಕಿವಿ ಸರಿಯಾಗಿ ಕೇಳಿಸದವರು ಮರೆತಂತೆ ಕಾಣುತ್ತಾರೆ, ಏಕೆಂದರೆ ಮಾತು ಒಳಗೆ ಹೋಗಿರುವುದೇ ಇಲ್ಲ. ಕಿವುಡುತನವೂ ಮರೆಗುಳಿತನದ ಅಪಾಯವನ್ನು ಹೆಚ್ಚಿಸುತ್ತದೆ.

ಇವುಗಳಲ್ಲಿ ಬಿ12 ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಇದು ಸಸ್ಯಗಳಲ್ಲಿ ಸಿಗುವುದಿಲ್ಲ. ಮೊಟ್ಟೆ, ಮೀನು, ಮಾಂಸ, ಹಾಲು, ಮೊಸರಿನಲ್ಲಿ ಇದೆ. ನರಗಳ ಮೇಲಿನ ಮಯೆಲಿನ್ ಹೊದಿಕೆ ಗಟ್ಟಿಯಾಗಿರಲು ಇದು ಬೇಕೇ ಬೇಕು. ಕಡಿಮೆಯಾದರೆ ಪಾದ ಜುಮ್ಮೆನ್ನುವುದು, ನಡೆಯುವಾಗ ತೂರಾಡುವುದು, ಮರೆವು, ಮಂಕು ಎಲ್ಲವೂ ಬರಬಹುದು. ವಯಸ್ಸಾದಂತೆ ಹೊಟ್ಟೆಯ ಆಮ್ಲ ಕಡಿಮೆಯಾಗಿ ಆಹಾರದಲ್ಲಿರುವ ಬಿ12 ಸರಿಯಾಗಿ ಬಿಡುಗಡೆಯಾಗುವುದಿಲ್ಲ. ಗ್ಯಾಸ್ಟ್ರಿಕ್ ಎಂದು ವರ್ಷಗಟ್ಟಲೆ ನುಂಗುವ ಆಮ್ಲನಿರೋಧಕ ಮಾತ್ರೆಗಳೂ, ಮಧುಮೇಹಕ್ಕೆ ಕೊಡುವ ಮೆಟ್‌ಫಾರ್ಮಿನ್ ಕೂಡ ಇದರ ಹೀರಿಕೆಯನ್ನು ತಗ್ಗಿಸುತ್ತವೆ. ಸಸ್ಯಾಹಾರಿ, ಅರವತ್ತು ದಾಟಿದವರು, ಮೆಟ್‌ಫಾರ್ಮಿನ್ ನುಂಗುವವರು, ಈ ಮೂರೂ ಒಬ್ಬರಲ್ಲೇ ಸೇರಿದ್ದರೆ ಬಿ12 ನೋಡಿಸದೆ ಬಿಡಲೇಬಾರದು. ಮೆಟ್‌ಫಾರ್ಮಿನ್ ಅನ್ನು ನೀವೇ ನಿಲ್ಲಿಸಬೇಡಿ, ಅದು ಒಳ್ಳೆಯ ಔಷಧಿ. ಕೊರತೆ ಇದ್ದರೆ ತುಂಬಿಕೊಳ್ಳುವುದು ಸುಲಭ. ಆದರೆ ತುಂಬ ತಡವಾದರೆ ನರದ ಹಾನಿ ಪೂರ್ತಿ ಸರಿಹೋಗುವುದಿಲ್ಲ. ಕೊರತೆ ಇಲ್ಲದವರು ಬಿ12 ಚುಚ್ಚುಮದ್ದು ತೆಗೆದುಕೊಂಡರೆ ನೆನಪು ಚುರುಕಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ.

ಮಗಳು ಎಂಟನೇ ತರಗತಿ. ಕೂತರೆ ಓದಿನಲ್ಲಿ ಮನಸ್ಸು ನಿಲ್ಲುವುದಿಲ್ಲ. ಸೋಮಾರಿತನವೋ, ಬೇರೇನಾದರೂ ಇದೆಯೋ?

ಸೋಮಾರಿ ಎನ್ನುವ ಮೊದಲು ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಒಳಭಾಗ ಬಿಳಿಚಿದ್ದರೆ ರಕ್ತಹೀನತೆ ಇರಬಹುದು. ನನ್ನ ಬಳಿ ಹೀಗೇ ಒಬ್ಬ ಹುಡುಗಿಯನ್ನು ಕರೆತಂದಿದ್ದರು. ತಾಯಿ ಅಂಕಪಟ್ಟಿ ಹಿಡಿದು ಮಾತಾಡುತ್ತಿದ್ದರು, ಹುಡುಗಿ ತಲೆತಗ್ಗಿಸಿ ಕೂತಿದ್ದಳು. ಅವಳ ಬಲಗೈಯ ಹೆಬ್ಬೆರಳು, ತೋರುಬೆರಳ ತುದಿಯಲ್ಲಿ ಬೂದುಬಣ್ಣದ ಪುಡಿ ಅಂಟಿತ್ತು. ಕೇಳಿದಾಗ ಮೊದಲು ಸುಮ್ಮನಿದ್ದು, ಆಮೇಲೆ ಮೆಲ್ಲಗೆ ಹೇಳಿದಳು: ಬಳಪ. ದಿನಕ್ಕೆ ನಾಲ್ಕೈದು ಬಳಪ ತಿನ್ನುತ್ತಿದ್ದಳು. ಹಿಮೋಗ್ಲೋಬಿನ್ 8.6 ಇತ್ತು. ಬಳಪ, ಮಣ್ಣು, ಹಸಿ ಅಕ್ಕಿ ತಿನ್ನುವ ಬಯಕೆ ಕಬ್ಬಿಣದ ಕೊರತೆಯಲ್ಲಿ ಬರುವುದುಂಟು. ಅದಕ್ಕೆ ಬೈದು ಪ್ರಯೋಜನವಿಲ್ಲ. ವೈದ್ಯರು ಜಂತುಹುಳಕ್ಕೂ ಕಬ್ಬಿಣಕ್ಕೂ ಔಷಧಿ ಕೊಟ್ಟರು. ನಾಲ್ಕು ತಿಂಗಳ ಮೇಲೆ ಬಂದಾಗ ಅವಳು ನನ್ನ ಕಣ್ಣು ನೋಡಿ ಮಾತಾಡಿದಳು.

ಕಬ್ಬಿಣ ರಕ್ತಕ್ಕೆ ಮಾತ್ರ ಬೇಕಾದದ್ದಲ್ಲ. ಗಮನ ಹಿಡಿದಿಡುವ ಡೋಪಮೈನ್ ಎಂಬ ಮಿದುಳಿನ ರಾಸಾಯನಿಕ ತಯಾರಾಗಲೂ ನರದ ಹೊದಿಕೆ ಬೆಳೆಯಲೂ ಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 67 ಮಂದಿಗೆ, 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಕಂಡಿತು. ಮಹಾರಾಷ್ಟ್ರದ ವಸತಿ ಶಾಲೆಗಳಲ್ಲಿ ಹನ್ನೆರಡರಿಂದ ಹದಿನಾರು ವರ್ಷದ ಮಕ್ಕಳಿಗೆ ಆರು ತಿಂಗಳು ಕಬ್ಬಿಣ ಹೆಚ್ಚಿರುವ ತಳಿಯ ಸಜ್ಜೆಯ ಆಹಾರ ಕೊಟ್ಟಾಗ ಗಮನ ಮತ್ತು ನೆನಪಿನ ಪರೀಕ್ಷೆಗಳಲ್ಲಿ ಸುಧಾರಣೆ ಕಂಡದ್ದು 2018ರಲ್ಲಿ ವರದಿಯಾಯಿತು. ಮಾತ್ರೆ ಕೊಡಲಿಲ್ಲ, ರೊಟ್ಟಿಯೇ ಆ ಕೆಲಸ ಮಾಡಿತು. ನಮ್ಮ ಉತ್ತರ ಕರ್ನಾಟಕದ ಮನೆಗಳಿಗೆ ಸಜ್ಜೆ ಹೊಸದೇನಲ್ಲ.

ಸೊಪ್ಪು, ಕಾಳಿನ ಊಟಕ್ಕೆ ನಿಂಬೆರಸ ಹಿಂಡಿ, ಇಲ್ಲವೇ ಜೊತೆಗೆ ಒಂದು ನೆಲ್ಲಿಕಾಯಿ, ಸೀಬೆಹಣ್ಣು ಕೊಡಿ. ವಿಟಮಿನ್ ಸಿ ಇದ್ದರೆ ಸಸ್ಯಮೂಲದ ಕಬ್ಬಿಣ ಚೆನ್ನಾಗಿ ಹೀರಿಕೆಯಾಗುತ್ತದೆ. ಊಟದ ಜೊತೆಗೇ ಚಹಾ, ಕಾಫಿ ಕುಡಿದರೆ ಹೀರಿಕೆ ತಗ್ಗುತ್ತದೆ, ಒಂದು ಗಂಟೆಯ ಅಂತರವಿರಲಿ.

ಬೆಳಗಿನ ತಿಂಡಿ ತಿನ್ನದೆ ಶಾಲೆಗೆ ಹೋಗುತ್ತಾನೆ. ಅದರಿಂದ ಓದಿಗೆ ತೊಂದರೆಯೇ?

ಚೆನ್ನಾಗಿ ಬೆಳೆದ ಮಗು ಒಂದು ದಿನ ತಿಂಡಿ ಬಿಟ್ಟರೆ ಆಕಾಶ ಕಳಚಿ ಬೀಳುವುದಿಲ್ಲ. ಮೊದಲೇ ಕೃಶವಾಗಿರುವ ಮಗುವಿಗೆ ಮಾತ್ರ ಅದು ನೇರ ಪೆಟ್ಟು. ಜಮೈಕಾದ ಗ್ರಾಮೀಣ ಶಾಲೆಗಳಲ್ಲಿ ಒಂದು ವರ್ಷ ಬೆಳಗಿನ ತಿಂಡಿ ಕೊಟ್ಟಾಗ ಹಾಜರಾತಿ ಹೆಚ್ಚಿತು, ಚಿಕ್ಕ ತರಗತಿಯ ಮಕ್ಕಳು ಗಣಿತದಲ್ಲಿ ಮುಂದೆ ಬಂದರು.

ನಮ್ಮ ರಾಜ್ಯದಲ್ಲಿ 2002ರಲ್ಲಿ ಆರಂಭವಾದ ಅಕ್ಷರ ದಾಸೋಹದ ಬಿಸಿಯೂಟ, 2013ರಲ್ಲಿ ಬಂದ ಕ್ಷೀರಭಾಗ್ಯದ ಹಾಲು, ಆಮೇಲೆ ಸೇರಿದ ಮೊಟ್ಟೆ, ಬಾಳೆಹಣ್ಣು, ಚಿಕ್ಕಿ ಇವೆಲ್ಲವನ್ನೂ ನಾನು ಶಿಕ್ಷಣದ ಖರ್ಚು ಎಂದೇ ಕಾಣುತ್ತೇನೆ. ಮೊಟ್ಟೆಯಲ್ಲಿ ಒಳ್ಳೆಯ ಪ್ರೋಟೀನ್, ಬಿ12, ಕೋಲೀನ್ ಇವೆ. ನೆನಪಿಗೆ ಬೇಕಾದ ಅಸಿಟೈಲ್‌ಕೋಲೀನ್ ಎಂಬ ರಾಸಾಯನಿಕ ಆ ಕೋಲೀನ್‌ನಿಂದಲೇ ತಯಾರಾಗುತ್ತದೆ. ತಿನ್ನುವ ಮನೆಯ ಮಗುವಿಗೆ ಮೊಟ್ಟೆ ಸಿಗಲಿ, ತಿನ್ನದ ಮನೆಯ ಮಗುವಿಗೆ ಬೇರೆ ಪೌಷ್ಟಿಕ ಆಹಾರ ಸಿಗಲಿ. ಮಗುವಿನ ತಟ್ಟೆಯ ಮೇಲೆ ದೊಡ್ಡವರ ವಾದ ನಡೆಯದಿರಲಿ.

ಸೈಂಧವ ಲವಣ ಒಳ್ಳೆಯದೆಂದು ಮನೆಯಲ್ಲಿ ಅಯೋಡಿನ್ ಉಪ್ಪು ನಿಲ್ಲಿಸಿದ್ದೇವೆ. ಸರಿಯೇ?

ದಯವಿಟ್ಟು ಬೇಡ, ಗರ್ಭಿಣಿಯರು ಮತ್ತು ಮಕ್ಕಳಿರುವ ಮನೆಯಲ್ಲಂತೂ ಬೇಡವೇ ಬೇಡ. ಗರ್ಭದಲ್ಲಿರುವ ಮಗುವಿನ ಮಿದುಳು ಬೆಳೆಯಲು ತಾಯಿಯ ಥೈರಾಯ್ಡ್ ಹಾರ್ಮೋನು ಬೇಕು, ಅದಕ್ಕೆ ಅಯೋಡಿನ್ ಬೇಕು. ತಡೆಯಬಹುದಾದ ಬುದ್ಧಿಮಾಂದ್ಯಕ್ಕೆ ಅಯೋಡಿನ್ ಕೊರತೆ ಜಗತ್ತಿನ ದೊಡ್ಡ ಕಾರಣಗಳಲ್ಲೊಂದು. ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ 1956ರಲ್ಲಿ ಆರಂಭವಾದ ಪ್ರಯೋಗದಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಉಪ್ಪಿಗೆ ಅಯೋಡಿನ್ ಬೆರೆಸಿ ಗಳಗಂಡ ಇಳಿಯುವುದನ್ನು ತೋರಿಸಿಕೊಟ್ಟರು. ಅಷ್ಟು ಕಷ್ಟಪಟ್ಟು ಗಳಿಸಿದ್ದನ್ನು ಗುಲಾಬಿ ಬಣ್ಣದ ಉಪ್ಪಿಗಾಗಿ ಕಳೆದುಕೊಳ್ಳಬಾರದು. ಉಪ್ಪಿನ ಪ್ರಮಾಣ ಕಡಿಮೆ ಮಾಡಿ, ಬಳಸುವಷ್ಟು ಅಯೋಡಿನ್ ಉಪ್ಪನ್ನೇ ಬಳಸಿ.

ಗರ್ಭಿಣಿ ಏನು ತಿನ್ನುತ್ತಾಳೆ ಎಂಬುದು ಮಗುವಿನ ಬುದ್ಧಿಯ ಮೇಲೆ ಪರಿಣಾಮ ಬೀರುತ್ತದೆಯೇ?

ಬೀರುತ್ತದೆ, ಇದಕ್ಕೆ ಮೈಸೂರಿನಿಂದಲೇ ಸಾಕ್ಷ್ಯವಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಜನ ಇಂದಿಗೂ ಮಿಷನ್ ಆಸ್ಪತ್ರೆ ಎನ್ನುವುದು, 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ ಬರೆದಿಟ್ಟಿತ್ತು. ಆ ಕಡತಗಳನ್ನು ಹಿಡಿದು, ಹುಟ್ಟಿದಾಗಿನ ಬೆಳವಣಿಗೆಗೂ ಮುಂದಿನ ಹೃದ್ರೋಗ, ಮಧುಮೇಹ, ಮುಪ್ಪಿನ ನೆನಪಿಗೂ ಇರುವ ನಂಟನ್ನು ಸಂಶೋಧಕರು ಹುಡುಕಿದ್ದಾರೆ. ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಗರ್ಭಿಣಿಯರಾಗಿದ್ದವರ ಐನೂರಕ್ಕೂ ಹೆಚ್ಚು ಮಕ್ಕಳನ್ನು ಒಂಬತ್ತು ಹತ್ತನೇ ವಯಸ್ಸಿನಲ್ಲಿ ಪರೀಕ್ಷಿಸಿದಾಗ, ಗರ್ಭಾವಸ್ಥೆಯಲ್ಲಿ ಫೋಲೇಟ್ ಎಂಬ ಬಿ ವಿಟಮಿನ್ನಿನ ಮಟ್ಟ ಚೆನ್ನಾಗಿದ್ದ ತಾಯಂದಿರ ಮಕ್ಕಳು ಕಲಿಕೆ, ನೆನಪಿನ ಪರೀಕ್ಷೆಗಳಲ್ಲಿ ಹೆಚ್ಚು ಅಂಕ ಗಳಿಸಿದ್ದರು.

ಗರ್ಭಾವಸ್ಥೆಯಲ್ಲಿ ಸಕ್ಕರೆ ಕಾಣಿಸಿಕೊಂಡ ತಾಯಂದಿರು ಅಪರಾಧ ಪ್ರಜ್ಞೆಯಿಂದ ಕುಗ್ಗುವುದನ್ನು ನೋಡಿದ್ದೇನೆ. ಅದೇ ಮೈಸೂರಿನ ಮಕ್ಕಳಲ್ಲಿ, ಅಂಥ ತಾಯಂದಿರ ಮಕ್ಕಳು ಬುದ್ಧಿಯ ಪರೀಕ್ಷೆಗಳಲ್ಲಿ ಹಿಂದೆ ಬಿದ್ದಿರಲಿಲ್ಲ. ಮುಂದೆ ಅವರಿಗೆ ಬೊಜ್ಜು, ಮಧುಮೇಹ ಬರುವ ಸಾಧ್ಯತೆಯ ಮೇಲೆ ಮಾತ್ರ ಕಣ್ಣಿಟ್ಟಿರಬೇಕು.

ನಾನು ತೆಳ್ಳಗಿದ್ದೇನೆ. ಇದೆಲ್ಲ ನನಗೆ ಅನ್ವಯಿಸುತ್ತದೆಯೇ?

ಟೇಪು ತೆಗೆದುಕೊಂಡು ಹೊಕ್ಕುಳ ಮಟ್ಟದಲ್ಲಿ ಸುತ್ತಳತೆ ನೋಡಿ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದ್ದರೆ ಅನ್ವಯಿಸುತ್ತದೆ. ನಮ್ಮ ಜನರಲ್ಲಿ ಕೈಕಾಲು ಸಣ್ಣಗಿದ್ದು ಹೊಟ್ಟೆಯೊಳಗೆ ಕೊಬ್ಬು ಕೂಡುವುದು ಸಾಮಾನ್ಯ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರು ಈ ಗುಣ ಹುಟ್ಟಿದ ಕೂಸುಗಳಲ್ಲೇ ಇರುವುದನ್ನು ತೋರಿಸಿದ್ದಾರೆ.

ರಾಗಿ, ಸಿರಿಧಾನ್ಯ ತಿಂದರೆ ಎಲ್ಲ ಸರಿಹೋಗುತ್ತದೆಯೇ?

ರಾಗಿ ನನಗೂ ಪ್ರೀತಿಯ ಧಾನ್ಯ, ಕ್ಯಾಲ್ಸಿಯಂ, ನಾರು ಎರಡೂ ಹೇರಳ. ಆದರೆ ಅದನ್ನು ಹೇಗೆ ತಿನ್ನುತ್ತೇವೆ ಎಂಬುದು ಮುಖ್ಯ. ನುಣ್ಣಗೆ ಬೀಸಿ, ಜರಡಿ ಹಿಡಿದು, ಬೆಲ್ಲ ಹಾಕಿ ಗಂಜಿ ಕುಡಿದರೆ ಸಕ್ಕರೆ ಬೇಗನೇ ಏರುತ್ತದೆ. ಅದೇ ರಾಗಿ ಮುದ್ದೆಯಾಗಿ, ಅವರೆಕಾಳಿನ ಸಾರು, ಬಸ್ಸಾರಿನ ಪಲ್ಯದ ಜೊತೆ ಬಂದರೆ ಏರಿಕೆ ತಗ್ಗುತ್ತದೆ. ಇಷ್ಟಾಗಿಯೂ ಎರಡು ದೊಡ್ಡ ಮುದ್ದೆ ಎರಡು ದೊಡ್ಡ ಮುದ್ದೆಯೇ. ಹೊಲದಲ್ಲಿ ದುಡಿದ ಅಜ್ಜನಿಗೆ ಅದು ಸರಿಯಿತ್ತು, ಕುರ್ಚಿಯಲ್ಲಿ ಕೂತು ದುಡಿಯುವವರಿಗೆ ಅರ್ಧ ಸಾಕು.

ಬಾದಾಮಿ, ಒಂದೆಲಗ, ಬ್ರಾಹ್ಮಿ, ಜ್ಞಾಪಕಶಕ್ತಿಯ ಪುಡಿಗಳು?

ನೆನೆಸಿದ ಬಾದಾಮಿ ಒಳ್ಳೆಯ ಆಹಾರ, ಆದರೆ ನೆನಪಿನ ಔಷಧಿಯಲ್ಲ. ಅಕ್ರೋಟನ್ನು ದಿನವೂ ಎರಡು ವರ್ಷ ಕೊಟ್ಟು ಸ್ಪೇನ್ ಮತ್ತು ಅಮೆರಿಕದಲ್ಲಿ ನಡೆಸಿದ ಪ್ರಯೋಗದಲ್ಲಿ ಆರೋಗ್ಯವಂತ ಹಿರಿಯರ ನೆನಪಿನಲ್ಲಿ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ಒಂದು ಹಿಡಿ ಶೇಂಗಾದಲ್ಲಿ ಪ್ರೋಟೀನ್ ಬಾದಾಮಿಗಿಂತ ಕಡಿಮೆಯೇನಲ್ಲ, ಬೆಲೆಯಂತೂ ಎಷ್ಟೋ ಕಡಿಮೆ.

ಬ್ರಾಹ್ಮಿ ಎಂಬ ಹೆಸರಿನಲ್ಲಿ ಎರಡು ಗಿಡಗಳಿವೆ. ಮಲೆನಾಡಿನಲ್ಲಿ ತಂಬುಳಿ ಮಾಡುವ ಒಂದೆಲಗ ಬೇರೆ, ನೀರಿನ ದಂಡೆಯ ನೀರುಬ್ರಾಹ್ಮಿ ಬೇರೆ. ನೀರುಬ್ರಾಹ್ಮಿಯ ಸಾರದ ಮೇಲೆ ಹನ್ನೆರಡು ವಾರಗಳ ಕೆಲವು ಸಣ್ಣ ಪ್ರಯೋಗಗಳು ನಡೆದು, ನೆನಪಿನ ಕೆಲವು ಪರೀಕ್ಷೆಗಳಲ್ಲಿ ಅಲ್ಪ ಲಾಭ ತೋರಿಸಿವೆ. ಒಂದೆಲಗದ ತಂಬುಳಿ ರುಚಿಯಾದ ಊಟ, ಸೊಪ್ಪಿನ ಗುಣವೂ ಇದೆ, ಸಂತೋಷವಾಗಿ ತಿನ್ನಿ. ಡಬ್ಬಿಯ ಪುಡಿಯ ಹಿಂಬದಿಯಲ್ಲಿ ಮಾತ್ರ ಸಕ್ಕರೆಯ ಪ್ರಮಾಣ ಓದಿ. ನೂರು ಗ್ರಾಂನಲ್ಲಿ ಮೂವತ್ತು ಗ್ರಾಂ ಸಕ್ಕರೆ ಇರುವ ಪುಡಿಯನ್ನು ಮಗುವಿನ ಬುದ್ಧಿಗೆಂದು ಕೊಡುವುದು ನನಗೆ ಒಪ್ಪಿಗೆಯಿಲ್ಲ. ಆ ಹಣದಲ್ಲಿ ತಿಂಗಳಿಡೀ ಮೊಟ್ಟೆಯೋ ಹಣ್ಣೋ ಬರುತ್ತದೆ.

ಮೀನು ತಿಂದರೆ ಬುದ್ಧಿ ಹೆಚ್ಚುತ್ತದೆಯೇ? ಸಸ್ಯಾಹಾರಿಗಳು ಏನು ಮಾಡಬೇಕು?

ಮಿದುಳಿನ ಜೀವಕೋಶಗಳ ಪೊರೆಯಲ್ಲಿರುವ ಡಿಎಚ್‌ಎ ಎಂಬ ಒಮೆಗಾ-3 ಕೊಬ್ಬು ಬೂತಾಯಿ, ಬಂಗುಡೆಯಂಥ ಎಣ್ಣೆ ಮೀನುಗಳಲ್ಲಿ ಚೆನ್ನಾಗಿದೆ. ವಾರಕ್ಕೆ ಎರಡು ಸಲ ಸಾರು ಅಥವಾ ಪುಳಿಮುಂಚಿ ಮಾಡಿ, ಎಣ್ಣೆಯಲ್ಲಿ ಕರಿಯುವುದು ಕಡಿಮೆಯಿರಲಿ. ಸಸ್ಯಾಹಾರಿಗಳಿಗೆ ಅಗಸೆ ಇದೆ. ಅದರಲ್ಲಿರುವ ಒಮೆಗಾ-3 ಬೇರೆ ಬಗೆಯದು, ದೇಹ ಅದರ ಸ್ವಲ್ಪ ಭಾಗವನ್ನು ಮಾತ್ರ ಡಿಎಚ್‌ಎ ಆಗಿ ಬದಲಿಸಿಕೊಳ್ಳುತ್ತದೆ. ಆದರೂ ರೊಟ್ಟಿಯ ಜೊತೆ ಅಗಸೆ ಚಟ್ನಿಪುಡಿ ಒಳ್ಳೆಯ ರೂಢಿ. ಮೀನೆಣ್ಣೆಯ ಮಾತ್ರೆಗಳು ಆರೋಗ್ಯವಂತರ ನೆನಪನ್ನು ಹೆಚ್ಚಿಸುತ್ತವೆ ಎಂದು ದೊಡ್ಡ ಪ್ರಯೋಗಗಳಲ್ಲಿ ಸಾಬೀತಾಗಿಲ್ಲ.

ಊಟ ಒಂದನ್ನು ಸರಿಮಾಡಿಕೊಂಡರೆ ಸಾಕೇ?

ಸಾಲದು. ಫಿನ್‌ಲೆಂಡಿನಲ್ಲಿ 60 ದಾಟಿದ, ಅಪಾಯವಿದ್ದ 1,260 ಮಂದಿಯ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಊಟ, ವ್ಯಾಯಾಮ, ಬುದ್ಧಿಗೆ ಕೆಲಸ, ರಕ್ತದೊತ್ತಡ ಮತ್ತು ಸಕ್ಕರೆಯ ಮೇಲ್ವಿಚಾರಣೆ ಎಲ್ಲವನ್ನೂ ಒಟ್ಟಿಗೆ ಮಾಡಿಸಿದರು. ಎರಡು ವರ್ಷದಲ್ಲಿ ಅವರು ಬರೀ ಸಲಹೆ ಪಡೆದವರಿಗಿಂತ ಮುಂದಿದ್ದರು. ಊಟವನ್ನು ಮಾತ್ರ ಬದಲಿಸಿದ, ಮಿದುಳಿನ ಆರೋಗ್ಯಕ್ಕೆಂದೇ ರೂಪಿಸಿದ 'ಮೈಂಡ್' ಪಥ್ಯದ ಅಮೆರಿಕದ ಪ್ರಯೋಗದಲ್ಲಿ ಮೂರು ವರ್ಷಗಳಾದರೂ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಬರಲಿಲ್ಲ. ಮಿದುಳು ಒಂದೇ ಬಾಗಿಲಿನ ಮನೆಯಲ್ಲ.

ರಕ್ತದೊತ್ತಡವನ್ನು ನಾನು ಸಕ್ಕರೆಯಷ್ಟೇ ಮುಖ್ಯವೆಂದು ಹೇಳುತ್ತೇನೆ. ಮೇಲಿನ ಅಂಕಿಯನ್ನು 120ಕ್ಕಿಂತ ಕೆಳಗಿಡಲು ಯತ್ನಿಸಿದವರಲ್ಲಿ ಆರಂಭಿಕ ಹಂತದ ಮರೆವು ಶೇ. 19ರಷ್ಟು ಕಡಿಮೆಯಾಗಿದ್ದು 2019ರಲ್ಲಿ ವರದಿಯಾಯಿತು. ಎಷ್ಟಕ್ಕೆ ಇಳಿಸಬೇಕೆಂಬುದನ್ನು ನಿಮ್ಮ ವೈದ್ಯರೇ ಹೇಳಬೇಕು. ನಡಿಗೆ ಇನ್ನೊಂದು. ವಾರಕ್ಕೆ ಮೂರು ದಿನ ನಲವತ್ತು ನಿಮಿಷ ನಡೆದ ಹಿರಿಯರಲ್ಲಿ ಒಂದು ವರ್ಷದ ಮೇಲೆ ಹಿಪೊಕ್ಯಾಂಪಸ್‌ನ ಗಾತ್ರ ಶೇ. 2ರಷ್ಟು ಹೆಚ್ಚಿದ್ದು 2011ರ ಅಧ್ಯಯನವೊಂದರಲ್ಲಿ ಕಂಡಿತು. ಇನ್ನು ನಿದ್ದೆ. ಹಗಲು ಕಲಿತದ್ದು ಗಟ್ಟಿಯಾಗುವುದು ರಾತ್ರಿಯ ನಿದ್ದೆಯಲ್ಲಿ. ನಿದ್ದೆಗೆಟ್ಟರೆ ಮರುದಿನ ಇನ್ಸುಲಿನ್ನಿನ ಕೆಲಸವೂ ಕೆಡುತ್ತದೆ, ಸಿಹಿಯ ಆಸೆಯೂ ಹೆಚ್ಚುತ್ತದೆ.

ಕೀಟೋ ಪಥ್ಯ?

ಅನ್ನ, ರೊಟ್ಟಿ, ಸಕ್ಕರೆಯನ್ನು ಬಹುತೇಕ ಬಿಟ್ಟು ಕೊಬ್ಬನ್ನೇ ಹೆಚ್ಚು ತಿನ್ನುವ ಪಥ್ಯ ಇದು. ಮಕ್ಕಳಲ್ಲಿ ಹತೋಟಿಗೆ ಬಾರದ ಅಪಸ್ಮಾರಕ್ಕೆ ವೈದ್ಯರ ಕಣ್ಗಾವಲಿನಲ್ಲಿ ಕೊಡುವ ಪಥ್ಯವಾಗಿ ಅದಕ್ಕೆ ನೂರು ವರ್ಷದ ಇತಿಹಾಸವಿದೆ. ನೆನಪು ಹೆಚ್ಚಿಸಿಕೊಳ್ಳಲು ಅದನ್ನು ಹಿಡಿಯಿರಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಸಕ್ಕರೆಯ ಮಾತ್ರೆ ನುಂಗುವವರು ತಾವಾಗಿಯೇ ಶುರುಮಾಡುವುದಂತೂ ಅಪಾಯ.

ಯಾವಾಗ ವೈದ್ಯರ ಬಳಿ ಹೋಗಬೇಕು?

ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು ಎಲ್ಲರಿಗೂ ಇದೆ. ಕನ್ನಡಕವನ್ನು ಕೈಯಲ್ಲಿ ಹಿಡಿದು ಇದೇನು ಎನ್ನುವುದು ಬೇರೆ. ದಿನವೂ ನಡೆಯುವ ದಾರಿ ತಪ್ಪಿದರೆ, ನಲವತ್ತು ವರ್ಷ ಮಾಡಿದ ಅಡುಗೆಯ ಕ್ರಮ ತಪ್ಪಿದರೆ, ಹಣದ ಲೆಕ್ಕ ಬಾರದಾದರೆ, ಸ್ವಭಾವ ಬದಲಾದರೆ ತಡಮಾಡಬೇಡಿ. ಒಂದೆರಡು ದಿನದಲ್ಲೇ ದಿಢೀರನೆ ಗೊಂದಲ ಶುರುವಾದರೆ ಅಂದೇ ಹೋಗಿ. ಸೋಂಕು, ಸೋಡಿಯಂ ಇಳಿತ, ಸಕ್ಕರೆಯ ಏರುಪೇರು, ಪಾರ್ಶ್ವವಾಯು ಯಾವುದೂ ಇರಬಹುದು.

ಹೋಗುವಾಗ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಳ್ಳಿ. ಗ್ಯಾಸ್ಟ್ರಿಕ್ಕಿನದು, ನಿದ್ದೆಯದು, ನೆಗಡಿಗೆಂದು ತಂದು ಉಳಿದದ್ದು, ಪಕ್ಕದ ಮನೆಯವರು ಕೊಟ್ಟದ್ದು ಯಾವುದನ್ನೂ ಬಿಡಬೇಡಿ. ಮರೆವು ಯಾವ ಹೊತ್ತಿನಲ್ಲಿ ಹೆಚ್ಚು, ಊಟಕ್ಕೆ ಮುಂಚೆಯೋ ಆಮೇಲೋ, ಯಾವಾಗಿನಿಂದ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಜೊತೆಗೆ ದಿನವೂ ಅವರ ಸಂಗಡ ಇರುವವರೇ ಹೋಗಿ. ಅಮ್ಮನ ವಿಷಯದಲ್ಲಿ ನಾನು ಅಂಥದ್ದೊಂದು ಚೀಟಿ ಬರೆದಿದ್ದರೆ, ಸಂಜೆ ಐದೂವರೆ ಎಂಬುದು ಮೊದಲ ವಾರದಲ್ಲೇ ಕಣ್ಣಿಗೆ ಬೀಳುತ್ತಿತ್ತು.